ಕ್ರೈಸ್ತ ಶಾಲೆಯ ಒಂದನೆಯ ತರಗತಿಯಲ್ಲಿ ನಮ್ಮ ಮಗಳು ಬಾಯಿಯೇ ತೆರೆಯುತ್ತಿಲ್ಲ: ತಿಳಿದವರು ದಯವಿಟ್ಟು ಹೇಳಿ

ಪ್ರಶ್ನೆ: ಚೇರಂಬಾಣೆ ಕಡೆಯ ತಂದೆ, ಜುಲೈ ಕೊನೆಯ ವಾರ

ಎಲ್ಲರಿಗೂ ನಮಸ್ಕಾರ. ಮಡಿಕೇರಿಯಿಂದ ಭಾಗಮಂಡಲಕ್ಕೆ ಹೋಗುವ ದಾರಿಯಲ್ಲಿ ನಮ್ಮದೊಂದು ಸಣ್ಣ ಕಾಫಿ ತೋಟವಿದೆ. ಮನೆಯಲ್ಲಿ ಎಲ್ಲರೂ ಅರೆಭಾಷೆಯನ್ನೇ, ಅಂದರೆ ಕೊಡಗಿನ ಕಡೆ ಆಡುವ ಕನ್ನಡದ ಒಂದು ಬಗೆಯನ್ನೇ, ಆಡುತ್ತೇವೆ. ಕಳೆದ ವರ್ಷದವರೆಗೆ ಊರಿನ ಅಂಗನವಾಡಿಗೆ ಹೋಗುತ್ತಿದ್ದ ಮಗಳನ್ನು ಈ ಜೂನ್‌ನಲ್ಲಿ ಪೇಟೆಯ ಒಂದು ಕ್ರೈಸ್ತ ಶಾಲೆಯ ಒಂದನೆಯ ತರಗತಿಗೆ ಸೇರಿಸಿದೆವು. ಅದು ಕನ್ಯಾಸ್ತ್ರೀಯರು ನಡೆಸುವ ಇಂಗ್ಲಿಷ್ ಮಾಧ್ಯಮದ ಶಾಲೆ. ನನ್ನ ಅಕ್ಕ ಓದಿದ್ದೂ ಅಲ್ಲಿಯೇ ಆದ್ದರಿಂದ ಆ ಶಾಲೆಯ ಮೇಲೆ ನಮಗೆ ಮೊದಲಿನಿಂದಲೂ ಗೌರವವಿದೆ.

ಶಾಲೆ ತೆರೆದು ಎಂಟು ವಾರಗಳಾಗಿವೆ. ಮಳೆಯ ರಜೆಗಳನ್ನು ಕಳೆದರೆ ಪಾಠ ನಡೆದ ದಿನಗಳು ಅಷ್ಟೇನೂ ಇಲ್ಲ. ಬೆಳಿಗ್ಗೆ ಏಳೂವರೆಗೆ ಜೀಪು ಬಂದು ಕರೆದುಕೊಂಡು ಹೋಗುತ್ತದೆ, ಸಂಜೆ ನಾಲ್ಕೂವರೆಗೆ ತೋಟದ ಗೇಟಿನ ಬಳಿ ಬಿಡುತ್ತದೆ. ಈ ಒಂಬತ್ತು ಗಂಟೆಗಳಲ್ಲಿ ಏನು ನಡೆಯಿತು ಎಂದು ಎಷ್ಟು ಬಗೆಯಾಗಿ ಕೇಳಿದರೂ "ಎಂತ ಇಲ್ಲೆ" ಎಂಬುದೊಂದೇ ಉತ್ತರ. ಮನೆಯಲ್ಲಿ ನಾಯಿಯೊಡನೆ, ಅಜ್ಜಿಯೊಡನೆ, ತೋಟದ ಕೆಲಸದವರೊಡನೆ ಬಾಯಿ ಮುಚ್ಚದೆ ಮಾತನಾಡುವ ಮಗು ತರಗತಿಯಲ್ಲಿ ಇದುವರೆಗೆ ಒಂದು ಪೂರ್ತಿ ವಾಕ್ಯವನ್ನೂ ಆಡಿಲ್ಲ ಎಂದು ಅವಳ ಟೀಚರ್ ಹೇಳಿದಾಗ ನನಗೂ ನನ್ನ ಹೆಂಡತಿಗೂ ಆ ರಾತ್ರಿ ನಿದ್ರೆ ಹತ್ತಲಿಲ್ಲ.

ಇದಲ್ಲದೆ ಡೈರಿಯಲ್ಲಿ ಮೂರು ಸಲ ದೂರು ಬಂದಿದೆ. ಇಂಗ್ಲಿಷಿನಲ್ಲಿ ಬರೆದಿರುವುದನ್ನು ಕನ್ನಡದಲ್ಲಿ ಹೇಳುವುದಾದರೆ, "ಪೆನ್ಸಿಲ್ ಎಲ್ಲಿ ಎಂದು ಕೇಳಿದರೆ ಇಲ್ಲಿಯೇ ಇದೆ ಎನ್ನುತ್ತಾಳೆ, ಆದರೆ ತೆಗೆಯುವುದಿಲ್ಲ, ಬರೆಯುವುದೂ ಇಲ್ಲ, ಹೇಳಿದ ಮಾತು ಕೇಳುವುದನ್ನು ಮನೆಯಲ್ಲಿ ಕಲಿಸಿ" ಎಂದು. ನಮ್ಮ ಮಗಳು ಹಟ ಮಾಡುವವಳಲ್ಲ. ವಿಷಯ ತಿಳಿಯೋಣವೆಂದು ಅವಳನ್ನೇ ಕೇಳಿದರೆ ಕಣ್ಣು ತುಂಬಿಕೊಂಡು ಅಜ್ಜಿಯ ಮಡಿಲಿಗೆ ಓಡುತ್ತಾಳೆ.

ಇನ್ನೊಂದು ವಿಷಯವನ್ನೂ ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಮೊನ್ನೆ ರಾತ್ರಿ ಊಟಕ್ಕೆ ಕುಳಿತಾಗ ಅವಳು ಕಣ್ಣು ಮುಚ್ಚಿ, ಹಣೆಗೆ, ಎದೆಗೆ, ಎರಡು ಭುಜಗಳಿಗೆ ಬೆರಳು ಮುಟ್ಟಿಸಿಕೊಂಡು, ಇಂಗ್ಲಿಷಿನಲ್ಲಿ ಒಂದು ಪ್ರಾರ್ಥನೆಯನ್ನು ತಡವರಿಸದೆ ಹೇಳಿದಳು. ಶಾಲೆಯಲ್ಲಿ ನಡೆದ ಸಂಗತಿಯೊಂದನ್ನು ಅವಳು ಮನೆಯಲ್ಲಿ ತೋರಿಸಿದ್ದು ಅದೇ ಮೊದಲು. ನನ್ನ ತಾಯಿ ತಟ್ಟೆಯನ್ನು ಹಾಗೆಯೇ ಬಿಟ್ಟು ಎದ್ದು ಹೋದರು. ಶಾಲೆಯ ಮೇಲೆ ತಪ್ಪು ಹೊರಿಸುವುದು ನನ್ನ ಉದ್ದೇಶವಲ್ಲ. ಇಂಥ ಶಾಲೆಯ ಒಂದನೆಯ ತರಗತಿಯಲ್ಲಿ ಬೆಳಗಿನ ಗಂಟೆಯಿಂದ ಸಂಜೆಯ ಗಂಟೆಯವರೆಗೆ ನಿಜವಾಗಿ ಏನು ನಡೆಯುತ್ತದೆ, ಪ್ರಾರ್ಥನೆ ಎಲ್ಲ ಮಕ್ಕಳಿಗೂ ಕಡ್ಡಾಯವೇ, ಮಗುವಿನ ಮೌನಕ್ಕೆ ನಾವು ಏನು ಮಾಡಬೇಕು ಎಂಬುದನ್ನು ಅನುಭವವಿರುವವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ಒಂದನೆಯ ತರಗತಿಯ ಶಿಕ್ಷಕಿ, ವಿರಾಜಪೇಟೆ ತಾಲ್ಲೂಕು

ನಮಸ್ಕಾರ. ನಿಮ್ಮ ಮಗಳ ಶಾಲೆ ನನಗೆ ಗೊತ್ತಿಲ್ಲ. ಆದರೆ ಚರ್ಚಿಗೆ ಸೇರಿದ ಇನ್ನೊಂದು ಶಾಲೆಯಲ್ಲಿ ಹನ್ನೊಂದು ವರ್ಷಗಳಿಂದ ಒಂದನೆಯ ತರಗತಿಯನ್ನೇ ನೋಡಿಕೊಳ್ಳುತ್ತಿದ್ದೇನೆ. ನೀವು ಕೇಳಿರುವಂತೆ ನಮ್ಮ ದಿನ ಹೇಗೆ ಸಾಗುತ್ತದೆ ಎಂಬುದನ್ನೇ ಮೊದಲು ಹೇಳುತ್ತೇನೆ. ಆ ದಿನದೊಳಗೆ ನಿಮ್ಮ ಮಗು ಎಲ್ಲಿ ಕುಳಿತಿದೆ ಎಂಬುದು ನಿಮ್ಮ ಕಣ್ಣಿಗೆ ಕಟ್ಟಿದರೆ ಅವಳ ಮೌನವೂ ಸ್ವಲ್ಪ ಅರ್ಥವಾದೀತು.

ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮ ಮೊದಲ ಪಾಠ ರೇನ್‌ಕೋಟಿನದೇ. ಒಂಬತ್ತಕ್ಕೆ ಗಂಟೆ ಹೊಡೆದರೂ ಜೀಪು, ವ್ಯಾನು, ಬಸ್ಸುಗಳಲ್ಲಿ ಬಂದ ಮಕ್ಕಳನ್ನು ಒಣಗಿಸಿ ಕೂರಿಸುವಷ್ಟರಲ್ಲಿ ಇಪ್ಪತ್ತು ನಿಮಿಷಗಳು ಹೋಗುತ್ತವೆ. ರೇನ್‌ಕೋಟನ್ನು ಜಗಲಿಯ ಮೊಳೆಗೆ ತಾನೇ ತೂಗುಹಾಕಬೇಕು, ಗಮ್ ಬೂಟನ್ನು ಗೋಡೆಗೆ ತಾಗಿಸಿ ಜೋಡಿಯಾಗಿ ಇಡಬೇಕು, ಚೀಲದಲ್ಲಿರುವ ಒಣ ಕಾಲುಚೀಲವನ್ನು ತೆಗೆದು ಹಾಕಿಕೊಳ್ಳಬೇಕು. ಇಷ್ಟನ್ನು ಯಾರ ನೆರವೂ ಇಲ್ಲದೆ ಮಾಡಲು ಕಲಿತ ಮಗು ಅಕ್ಷರವನ್ನೂ ಬೇಗ ಕಲಿಯುತ್ತದೆ ಎಂಬುದು ನಾನು ಕಂಡಿರುವ ಸಂಗತಿ. ಆಮೇಲೆ ಪ್ರಾರ್ಥನೆ, ನಾಡಗೀತೆ, ರಾಷ್ಟ್ರಗೀತೆ. ಮಳೆಗಾಲದಲ್ಲಿ ಅಂಗಳದಲ್ಲಿ ನಿಲ್ಲುವಂತಿಲ್ಲ. ಮಕ್ಕಳು ತಮ್ಮ ತಮ್ಮ ಬೆಂಚಿನ ಬಳಿಯೇ ನಿಂತು ಹೇಳುತ್ತಾರೆ.

ಇಂಗ್ಲಿಷ್ ಪಾಠ ಅಕ್ಷರದ ಹೆಸರಿನಿಂದಲ್ಲ, ಅದರ ಸದ್ದಿನಿಂದ ಆರಂಭವಾಗುತ್ತದೆ. ಕನ್ನಡವನ್ನು ನಾನು ಅ, ಆ, ಇ, ಈ ಎಂದು ಸಾಲಾಗಿ ಹೇಳಿಕೊಡುವುದಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿ-ಕಲಿಯಲ್ಲಿ ಸರ್ಕಾರಿ ಶಾಲೆಗಳ ಮಕ್ಕಳು ಕಲಿಯುವ ಕ್ರಮದಂತೆ ರ, ಗ, ಸ, ದ, ಅ ಎಂದು ಶುರು ಮಾಡುತ್ತೇನೆ. ಸುಲಭವಾದ ತಿರುವುಗಳ ಅಕ್ಷರಗಳು ಮೊದಲು ಬರುವುದರಿಂದ ಮಗುವಿನ ಬೆರಳು ಅವುಗಳನ್ನು ಬೇಗ ಹಿಡಿಯುತ್ತದೆ. ಒಂದೆರಡು ವಾರಗಳಲ್ಲಿಯೇ "ಸರ", "ದಸರ", "ಅರಸ" ಎಂಬ ಪದಗಳನ್ನು ಮಗು ತಾನೇ ಕೂಡಿಸಿ ಓದುತ್ತದೆ. ಓದಿ ಮುಗಿಸಿದ ಮರುಕ್ಷಣ ಅದು ತಲೆಯೆತ್ತಿ ನೋಡುವ ನೋಟಕ್ಕಾಗಿಯೇ ನಾನು ಈ ತರಗತಿಯನ್ನು ಬಿಟ್ಟು ಮೇಲಿನ ತರಗತಿಗೆ ಹೋಗಿಲ್ಲ.

ಗಣಿತಕ್ಕೆ ನಮ್ಮಲ್ಲಿ ಕಾಫಿ ಬೀಜವೇ ಸಾಕು. ಒಂದು ಹಣ್ಣಿಗೆ ಎರಡು ಬೀಜ, ಎರಡು ಹಣ್ಣಿಗೆ ನಾಲ್ಕು, ಮೂರಕ್ಕೆ ಆರು ಎಂದು ಎಣಿಸುತ್ತಾ ಹೋದರೆ ಎರಡರ ಮಗ್ಗಿಗೆ ಅಲ್ಲಿಯೇ ಅಡಿಪಾಯ ಬೀಳುತ್ತದೆ. ಕಳೆದ ಜನವರಿಯಲ್ಲಿ, ಕೊಯ್ಲಿನ ನಡುವೆ, ತೋಟದ ಕೆಲಸಗಾರರ ಲೈನ್ ಮನೆಯ ಒಬ್ಬ ಹುಡುಗ ಜೇಬಿನಿಂದ ಒಂದು ಹಣ್ಣು ತೆಗೆದು ಬೆರಳಿನಲ್ಲಿ ಹಿಸುಕಿ, ಅದರೊಳಗೆ ಒಂದೇ ಒಂದು ದುಂಡು ಬೀಜವಿರುವುದನ್ನು ತೋರಿಸಿ, ನನ್ನ ಲೆಕ್ಕ ತಪ್ಪೆಂದು ತಲೆಯಾಡಿಸಿದ. ಆರು ತಿಂಗಳಿನಿಂದ ಆ ಹುಡುಗ ತರಗತಿಯಲ್ಲಿ ತುಟಿ ಬಿಚ್ಚಿರಲಿಲ್ಲ. "ಪೀಬೆರಿ" (ಇಂಥ ಒಂಟಿ ಬೀಜದ ಹೆಸರು) ಎಂಬುದೇ ಅವನು ನಮ್ಮ ತರಗತಿಯಲ್ಲಿ ಗಟ್ಟಿಯಾಗಿ ಹೇಳಿದ ಮೊದಲ ಮಾತು.

ಹನ್ನೆರಡೂವರೆಗೆ ಊಟ. ಕೈ ತೊಳೆದು ಬಂದ ಮೇಲೆ ಬುತ್ತಿ ಬಿಚ್ಚುವ ಮೊದಲು ಒಂದು ಚಿಕ್ಕ ಪ್ರಾರ್ಥನೆ ಇರುತ್ತದೆ. ಊಟ ಕೊಟ್ಟ ದೇವರಿಗೆ, ಅದನ್ನು ಬೇಯಿಸಿದ ಕೈಗಳಿಗೆ ವಂದನೆ ಎಂಬುದು ಅದರ ಸಾರ. ಅಕ್ಕಿ ರೊಟ್ಟಿ, ನೂಪುಟ್ಟು, ಚಪಾತಿ, ಅನ್ನ-ಸಾರು ಹೀಗೆ ನಾನಾ ಬಗೆಯ ಬುತ್ತಿಗಳಿರುತ್ತವೆ. ಸಸ್ಯಾಹಾರವನ್ನು ಹಂಚಿಕೊಳ್ಳಬಹುದು, ಮಾಂಸದ ಅಡುಗೆಯನ್ನು ಮಾತ್ರ ಯಾರೂ ಇನ್ನೊಬ್ಬರ ತಟ್ಟೆಗೆ ಹಾಕಬಾರದು ಎಂಬುದು ನಾವು ಇಟ್ಟುಕೊಂಡಿರುವ ನಿಯಮ. ಮಧ್ಯಾಹ್ನದ ಮೇಲೆ ಬಣ್ಣ, ಜೇಡಿಮಣ್ಣು, ಹಾಡು, ಕಥೆ. ಜೋರು ಮಳೆ ಬಂದರೆ ಶೀಟಿನ ಮಾಡಿನ ಸದ್ದಿನಲ್ಲಿ ನನ್ನ ಮಾತು ಎರಡನೆಯ ಬೆಂಚಿಗೂ ಕೇಳಿಸುವುದಿಲ್ಲ. ಅಂತಹ ಹೊತ್ತಿನಲ್ಲಿ ಬಾಯಿಪಾಠ ಬಿಟ್ಟು ಎಲ್ಲರಿಗೂ ಸ್ಲೇಟು ಕೊಟ್ಟುಬಿಡುತ್ತೇನೆ. ಮಾತಿಲ್ಲದ ಆ ಅರ್ಧ ಗಂಟೆಯಲ್ಲಿಯೇ ಸುಮ್ಮನಿರುವ ಮಕ್ಕಳ ಕೈ ನಿಜವಾಗಿ ಎಷ್ಟು ಬಲ್ಲದು ಎಂಬುದು ನನಗೆ ಗೊತ್ತಾಗುವುದು.

ಇನ್ನು ನಿಮ್ಮ ಮಗಳ ವಿಷಯ. ನನ್ನ ತರಗತಿಯಲ್ಲಿ ಈಗ 31 ಮಕ್ಕಳಿದ್ದಾರೆ. ಮೊದಲ ವಾರ ಅವರ ಮನೆಮಾತುಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡೆ: ಕನ್ನಡ, ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ತಮಿಳು, ಕೊಂಕಣಿ, ಎರವ, ತೋಟದ ಕೆಲಸಕ್ಕೆ ಬಂದ ಕುಟುಂಬದ ಒಬ್ಬ ಹುಡುಗಿಯದು ಅಸ್ಸಾಮಿ. ಒಂದು ಕೋಣೆಯಲ್ಲಿ ಒಂಬತ್ತು ಭಾಷೆಗಳು, ಪಾಠ ಮಾತ್ರ ಹತ್ತನೆಯದರಲ್ಲಿ. ಗೊತ್ತಿಲ್ಲದ ಭಾಷೆಯ ನಡುವೆ ಬಂದು ಕುಳಿತ ಮಗು ಮೊದಲ ಕೆಲವು ತಿಂಗಳು ಆಡುವುದಕ್ಕಿಂತ ಆಲಿಸುವುದೇ ಹೆಚ್ಚು; ಅದು ರೋಗವಲ್ಲ, ದಡ್ಡತನವಂತೂ ಅಲ್ಲವೇ ಅಲ್ಲ. ಇಂಗ್ಲಿಷ್ ಪ್ರಾರ್ಥನೆಯನ್ನು ಅವಳು ತಡವರಿಸದೆ ಹೇಳಿದಳು ಎಂದು ನೀವೇ ಬರೆದಿದ್ದೀರಿ. ಅಂದರೆ ಕಿವಿ ಚೆನ್ನಾಗಿ ಕೆಲಸ ಮಾಡುತ್ತಿದೆ, ದಿನವೂ ಒಂದೇ ರೀತಿಯಲ್ಲಿ ಒಂದೇ ಹೊತ್ತಿಗೆ ಬರುವ ಮಾತನ್ನು ಅವಳು ಹಿಡಿದಿಟ್ಟುಕೊಂಡಿದ್ದಾಳೆ. ಒಬ್ಬ ಶಿಕ್ಷಕಿಯಾಗಿ ನನಗೆ ಅದರಲ್ಲಿ ಮತದ ಪ್ರಶ್ನೆಗಿಂತ ಮೊದಲು ಕಾಣುವುದು ಒಂದು ಒಳ್ಳೆಯ ಲಕ್ಷಣ.

ಡೈರಿಯ ದೂರಿನ ಬಗ್ಗೆ ನಾನು ಇಲ್ಲಿ ಕುಳಿತು ತೀರ್ಪು ಹೇಳುವುದು ಸರಿಯಲ್ಲ. ಆದರೆ ಪೋಷಕರು ಡೈರಿಗೆ ಸಹಿ ಹಾಕಿ ಕಳುಹಿಸಿದರಷ್ಟೇ ಸಾಲದು. ಟೀಚರಿಗೆ ಮೊದಲೇ ತಿಳಿಸಿ, ಮಧ್ಯಾಹ್ನ ಮೂರೂವರೆಯ ನಂತರ ಹೋಗಿ ಎದುರು ಕುಳಿತು ಮಾತನಾಡಿ. ಮಗುವನ್ನೂ ಕರೆದುಕೊಂಡು ಹೋಗಿ. ಖಾಲಿ ತರಗತಿಯಲ್ಲಿ ಅವಳ ಬೆಂಚಿನಲ್ಲಿ ನೀವೂ ಸ್ವಲ್ಪ ಹೊತ್ತು ಕುಳಿತುಕೊಳ್ಳಿ.

ಉತ್ತರ: ನಿವೃತ್ತ ಮುಖ್ಯೋಪಾಧ್ಯಾಯಿನಿ, ಮಡಿಕೇರಿ

ಮೇಲಿನ ಶಿಕ್ಷಕಿಯವರು ಬರೆದ ಪ್ರತಿಯೊಂದು ಮಾತನ್ನೂ ಒಪ್ಪುತ್ತೇನೆ. ಆದರೆ ನಿಮ್ಮ ಪ್ರಶ್ನೆಯಲ್ಲಿರುವ ಒಂದು ಸಾಲನ್ನು ಓದಿ ನಾನು ಅಲ್ಲಿಯೇ ನಿಂತುಬಿಟ್ಟೆ. ನಮ್ಮ ಮನೆಮಾತೂ ಅರೆಭಾಷೆಯೇ, ಆದ್ದರಿಂದ ಕೇಳುತ್ತೇನೆ: ನಿಮ್ಮ ಮಗಳು ಟೀಚರಿಗೆ ಹೇಳಿದ್ದು "ಪೆನ್ಸಿಲ್ ಇಲ್ಲೆ" ಎಂದಲ್ಲವೇ?

ನಾವು "ಇಲ್ಲೆ" ಎಂದರೆ ಇಲ್ಲ ಎಂದರ್ಥ. ಕೊಡವ ತಕ್ಕ್‌ನಲ್ಲಿಯೂ ಹಾಗೆಯೇ. ಆದರೆ ಮೈಸೂರು ಕಡೆಯಿಂದಲೋ ಮಂಡ್ಯದ ಕಡೆಯಿಂದಲೋ ಬಂದ ಟೀಚರಿಗೆ ಅದೇ ಸದ್ದು "ಇಲ್ಲೇ", ಅಂದರೆ ಇಲ್ಲಿಯೇ ಇದೆ, ಎಂದು ಕೇಳಿಸುತ್ತದೆ. ಮಗು ತನ್ನ ಬಳಿ ಪೆನ್ಸಿಲ್ ಇಲ್ಲವೆಂದು ನಿಜವನ್ನೇ ಹೇಳುತ್ತಿದೆ; ಟೀಚರು ಇಲ್ಲಿಯೇ ಇದ್ದರೆ ತೆಗೆದು ಬರೆ ಎನ್ನುತ್ತಿದ್ದಾರೆ; ಮಗು ಮತ್ತೆ "ಇಲ್ಲೆ" ಎನ್ನುತ್ತಿದೆ. ಆರು ವರ್ಷದ ಮಗುವಿಗೆ ತಾನು ನಿಜ ಹೇಳಿದರೂ ಬೈಗುಳ ಏಕೆ ಬರುತ್ತಿದೆ ಎಂಬುದು ಹೇಗೆ ಗೊತ್ತಾಗಬೇಕು? ಎರಡು ಮೂರು ಸಲ ಹೀಗಾದರೆ ಬಾಯಿ ತೆರೆಯದಿರುವುದೇ ಕ್ಷೇಮವೆಂದು ಯಾವ ಮಗುವಾದರೂ ತೀರ್ಮಾನಿಸುತ್ತದೆ. ನನ್ನ ಊಹೆ ತಪ್ಪಿರಬಹುದು. ಆದರೆ ಇದೇ ಒಂದು ಪದದಿಂದ ಮಕ್ಕಳು ಏಟು ತಿಂದದ್ದನ್ನು, ನಾನು ಚಿಕ್ಕವಳಾಗಿದ್ದಾಗ ನಾನೇ ತಿಂದದ್ದನ್ನು, ಮರೆತಿಲ್ಲ.

ನಾನು ಸೇವೆಯಲ್ಲಿದ್ದಾಗ ಹೊಸದಾಗಿ ಬಂದ ಶಿಕ್ಷಕರ ಕೈಗೆ ಮೊದಲ ದಿನವೇ ಒಂದು ಚೀಟಿ ಕೊಡುತ್ತಿದ್ದೆ. ಇದೆ ಎನ್ನುವುದಕ್ಕೆ ಅರೆಭಾಷೆಯಲ್ಲಿ "ಉಟ್ಟು", ಕೊಡವ ತಕ್ಕ್‌ನಲ್ಲಿ "ಉಂಡ್"; ಇಲ್ಲ ಎನ್ನುವುದಕ್ಕೆ ಎರಡರಲ್ಲಿಯೂ "ಇಲ್ಲೆ". ಮಗು "ನಂಗೆ ಪೆನ್ಸಿಲ್ ಉಟ್ಟು" ಎಂದರೆ ಏನನ್ನು ಉಟ್ಟಿತು ಎಂದು ಯಾರೂ ತಬ್ಬಿಬ್ಬಾಗಬಾರದಲ್ಲ. ಹಸಿವು, ನೀರು, ಹೊಟ್ಟೆನೋವು, ಮೂತ್ರಕ್ಕೆ ಹೋಗಬೇಕು ಎಂಬುದಕ್ಕೆ ಮಗುವಿನ ಮನೆಯಲ್ಲಿ ಯಾವ ಮಾತಿದೆಯೋ ಅದನ್ನು ಶಿಕ್ಷಕರು ಮೊದಲ ವಾರದಲ್ಲಿಯೇ ತಿಳಿದುಕೊಳ್ಳಬೇಕು. ಇದಕ್ಕೆ ತರಬೇತಿ ಬೇಡ, ಹಣ ಬೇಡ, ತಾಯಂದಿರನ್ನು ಕೇಳಿದರೆ ಸಾಕು. ಕೊಡವ ಸಾಹಿತ್ಯ ಅಕಾಡೆಮಿ 1994ರಲ್ಲಿಯೂ ಅರೆಭಾಷೆಯ ಅಕಾಡೆಮಿ 2011ರಲ್ಲಿಯೂ ಸ್ಥಾಪನೆಯಾದವು, ಎರಡೂ ಮಡಿಕೇರಿಯಲ್ಲಿಯೇ ಇವೆ, ಒಳ್ಳೆಯ ಕೆಲಸ ಮಾಡುತ್ತಿವೆ. ಆದರೂ ಅರೆಭಾಷೆಯ ಮಗುವೊಂದು ಪೇಟೆಯ ಶಾಲೆಗೆ ಬಂದು ಪೆನ್ಸಿಲ್ ಇಲ್ಲವೆಂದು ಹೇಳಿದರೆ ಅದು ಅರ್ಥವಾಗುವುದಿಲ್ಲ ಎಂಬುದು ನನಗೆ ನೋವಿನ ಸಂಗತಿ.

ಇಂಗ್ಲಿಷ್ ಮಾಧ್ಯಮವೆಂಬ ಕಾರಣಕ್ಕೆ ಮನೆಯಲ್ಲಿಯೂ ಇಂಗ್ಲಿಷ್ ಮಾತನಾಡಲು ಆರಂಭಿಸಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಅಜ್ಜಿ ಹೇಳುವ ಕಥೆ ಅರೆಭಾಷೆಯಲ್ಲಿಯೇ ಇರಲಿ. ಮನೆಮಾತು ಗಟ್ಟಿಯಾಗಿ ಬೇರೂರಿದ ಮಗು ಎರಡನೆಯ, ಮೂರನೆಯ ಭಾಷೆಯನ್ನು ಅದರ ಮೇಲೆಯೇ ಕಟ್ಟಿಕೊಳ್ಳುತ್ತದೆ. 2015ರ ಕನ್ನಡ ಕಲಿಕಾ ಕಾಯ್ದೆಯ ಪ್ರಕಾರ ರಾಜ್ಯದ ಎಲ್ಲ ಶಾಲೆಗಳಲ್ಲಿಯೂ ಕನ್ನಡವನ್ನು ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಕಲಿಸಬೇಕು, ಆದ್ದರಿಂದ ನಿಮ್ಮ ಮಗಳಿಗೂ ಕನ್ನಡದ ಪಿರಿಯಡ್ ಇದ್ದೇ ಇರುತ್ತದೆ. ಅವಳ ಬಾಯಿ ಮೊದಲು ತೆರೆಯುವುದು ಅಲ್ಲಿಯೇ ಎಂದು ನನಗನ್ನಿಸುತ್ತದೆ.

ಉತ್ತರ: ಕಥೋಲಿಕ ತಾಯಿ, ವಿರಾಜಪೇಟೆ

ನಾನು ಶಿಕ್ಷಕಿಯಲ್ಲ, ಭಾನುವಾರ ಚರ್ಚಿನ ಆರಾಧನೆಯಾದ ಬಲಿಪೂಜೆಯ ನಂತರ ನಮ್ಮ ಚರ್ಚಿನ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುತ್ತೇನೆ. ಅಜ್ಜಿಯವರ ಆತಂಕ ಸಣ್ಣದಲ್ಲ ಎಂದು ಬಲ್ಲೆ, ಆದ್ದರಿಂದ ಪ್ರಾರ್ಥನೆಯ ವಿಷಯವನ್ನು ಮಾತ್ರ ಬರೆಯುತ್ತೇನೆ.

ಮಗು ಹಣೆ, ಎದೆ, ಭುಜಗಳನ್ನು ಮುಟ್ಟಿಕೊಂಡದ್ದನ್ನು ನಾವು ಶಿಲುಬೆಯ ಗುರುತು ಎನ್ನುತ್ತೇವೆ. ನಮಗೆ ಅದು ಪವಿತ್ರವಾದುದು. ತಂದೆ, ಮಗ, ಪವಿತ್ರಾತ್ಮರ ಹೆಸರನ್ನು ಉಚ್ಚರಿಸುತ್ತಾ ನಮ್ಮ ನಂಬಿಕೆಯನ್ನು ಮೈಮೇಲೆ ಬರೆದುಕೊಳ್ಳುವ ಕ್ರಮ. ಅಕ್ಕಪಕ್ಕದ ಮಕ್ಕಳು ಮಾಡಿದ್ದನ್ನು ನೋಡಿ ನಿಮ್ಮ ಮಗಳು ಮಾಡಿದ್ದಾಳೆ. ಹಾಗೆ ಮಾಡಿದ ಮಾತ್ರಕ್ಕೆ ಯಾರೂ ಕ್ರೈಸ್ತರಾಗುವುದಿಲ್ಲ. ನಮ್ಮಲ್ಲಿ ಚಿಕ್ಕ ಮಗುವಿಗೆ ದೀಕ್ಷಾಸ್ನಾನ ಕೊಡಬೇಕಾದರೆ ತಂದೆತಾಯಿ ಕೇಳಿಕೊಳ್ಳಬೇಕು, ಮಗುವನ್ನು ಆ ನಂಬಿಕೆಯಲ್ಲಿ ಬೆಳೆಸುವೆವೆಂದು ಒಪ್ಪಬೇಕು. ಅರ್ಥ ತಿಳಿಯದ ಮಗುವಿನಿಂದ ನಮ್ಮ ಪವಿತ್ರ ಗುರುತನ್ನು ಕಡ್ಡಾಯವಾಗಿ ಮಾಡಿಸುವುದನ್ನು ನಂಬಿಕೆಯುಳ್ಳ ನಾನೂ ಒಪ್ಪುವುದಿಲ್ಲ. ಕಾನೂನೂ ಒಪ್ಪುವುದಿಲ್ಲ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಅಪ್ರಾಪ್ತ ವಯಸ್ಸಿನ ಮಗುವನ್ನು ಪೋಷಕರ ಒಪ್ಪಿಗೆಯಿಲ್ಲದೆ ಧಾರ್ಮಿಕ ಬೋಧನೆಗೋ ಆರಾಧನೆಗೋ ಸೇರಿಸಿಕೊಳ್ಳುವಂತಿಲ್ಲ ಎಂದು ಸಂವಿಧಾನದ 28ನೆಯ ವಿಧಿಯ ಮೂರನೆಯ ಖಂಡ ಹೇಳುತ್ತದೆ. ನನ್ನ ಮಕ್ಕಳು ಓದುವ ಶಾಲೆಯಲ್ಲಿ ಕ್ರೈಸ್ತ ಮಕ್ಕಳು ಧರ್ಮೋಪದೇಶಕ್ಕೆ ಹೋಗುವ ಪಿರಿಯಡ್‌ನಲ್ಲಿ ಉಳಿದವರಿಗೆ ಮೌಲ್ಯ ಶಿಕ್ಷಣವಿರುತ್ತದೆ. ನಿಮ್ಮ ಶಾಲೆಯ ಸಿಸ್ಟರ್ ಅವರ ಬಳಿ ನೇರವಾಗಿ ಕೇಳಿ. ಇದನ್ನು ಕೇಳಿದರೆ ಅವರು ಬೇಸರಿಸಿಕೊಳ್ಳುವರೆಂದು ಹಿಂಜರಿಯಬೇಡಿ.

ಮನೆಯಲ್ಲಿ ಮಾತ್ರ ಮಗುವನ್ನು ಗದರಿಸಬೇಡಿ. ಎಂಟು ವಾರ ಮೌನವಾಗಿದ್ದ ಮಗು ಶಾಲೆಯಿಂದ ಹೊತ್ತು ತಂದ ಮೊದಲ ವಸ್ತು ಅದು. ಅದಕ್ಕೂ ಬೈಗುಳ ಸಿಕ್ಕಿದರೆ ಅವಳು ಮುಂದೆ ಏನನ್ನೂ ತರಲಾರಳು. ಮನೆಯ ಊಟದ ಮೊದಲು ಅಜ್ಜಿಯವರೇ ಕಾವೇರಮ್ಮನನ್ನೋ ಇಗ್ಗುತಪ್ಪನನ್ನೋ ನೆನೆದು ಎರಡು ಮಾತು ಹೇಳಿಕೊಡಲಿ. ಶಾಲೆಯಲ್ಲಿ ಕೈಮುಗಿದು ಸುಮ್ಮನೆ ನಿಲ್ಲುವುದು, ಮನೆಯಲ್ಲಿ ಅಜ್ಜಿ ಕಲಿಸಿದ್ದನ್ನು ಹೇಳುವುದು, ಇಷ್ಟನ್ನು ಬೇರೆ ಬೇರೆಯಾಗಿ ಇಟ್ಟುಕೊಳ್ಳುವುದು ಆರು ವರ್ಷದ ಮಗುವಿಗೆ ಕಷ್ಟವಾಗುವುದಿಲ್ಲ.

ಅಜ್ಜಿಯವರಿಗೆ ಇನ್ನೊಂದು ಮಾತನ್ನೂ ಹೇಳಿ. ಟಿಪ್ಪುವಿನ ಕಾಲದಲ್ಲಿ ಶ್ರೀರಂಗಪಟ್ಟಣದ ಸೆರೆಯಿಂದ ತಪ್ಪಿಸಿಕೊಂಡು ಬಂದ ನಮ್ಮ ಹಿರಿಯರಿಗೆ ನೆಲ ಕೊಟ್ಟು ನಿಲ್ಲಿಸಿಕೊಂಡವನು ಕೊಡಗಿನ ಅರಸ ದೊಡ್ಡ ವೀರರಾಜೇಂದ್ರ. ವಿರಾಜಪೇಟೆಯ ಸಂತ ಅನ್ನಮ್ಮನವರ ಚರ್ಚಿನ ಹುಟ್ಟು 1792ರದು. ಕ್ರಿಸ್ಮಸ್ ಹತ್ತಿರವಾದಾಗ ಶಾಲೆಯಲ್ಲಿ ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ, ಕಟ್ಟುತ್ತೇವೆ. ಅದಕ್ಕೆ ಹಾಸುವ ಹುಲ್ಲು ಪ್ರತಿವರ್ಷವೂ ಬರುವುದು ಸುಗ್ಗಿಯ ಹಬ್ಬವಾದ ಹುತ್ತರಿ ಮುಗಿಸಿ ಕೊಯ್ಲು ಮಾಡಿದ ಮನೆಗಳ ಗದ್ದೆಗಳಿಂದ. ಈ ನೆಲದಲ್ಲಿ ನಾವು ಒಬ್ಬರಿಗೊಬ್ಬರು ಹೊಸಬರಲ್ಲ.

ಉತ್ತರ: ಮೂರನೆಯ ತರಗತಿಯ ಹುಡುಗನ ತಂದೆ, ಗೋಣಿಕೊಪ್ಪ

ಮೂವರೂ ವಿವರವಾಗಿ ಬರೆದಿದ್ದಾರೆ, ನಾನು ಸೇರಿಸುವುದು ಒಂದೇ. ಸಂಜೆ ನಾಲ್ಕೂವರೆಗೆ ಮನೆಗೆ ಬರುವ ಮಗುವಿನಿಂದ ರಾತ್ರಿ ಪುಟಗಟ್ಟಲೆ ಬರೆಸುತ್ತಿದ್ದರೆ ದಯವಿಟ್ಟು ನಿಲ್ಲಿಸಿ. ಒಂದು ಮತ್ತು ಎರಡನೆಯ ತರಗತಿಗೆ ಮನೆಗೆಲಸವೇ ಕೊಡಬಾರದು ಎಂದು ಕೇಂದ್ರ ಸರ್ಕಾರ 2018ರಲ್ಲಿ ಸೂಚಿಸಿತು. ಮರುವರ್ಷ ನಮ್ಮ ರಾಜ್ಯದ ಸುತ್ತೋಲೆಯೂ ಬಂತು, ಅದರ ಪ್ರಕಾರ ಈ ತರಗತಿಗಳ ಮಕ್ಕಳ ಚೀಲ ಎರಡು ಕಿಲೋ ಮೀರಬಾರದು. ನನ್ನ ಮಗನೂ ಮೊದಲ ವರ್ಷ ಏನನ್ನೂ ಹೇಳುತ್ತಿರಲಿಲ್ಲ. "ಇವತ್ತು ಏನಾಯಿತು" ಎಂದು ಕೇಳುವುದನ್ನು ಬಿಟ್ಟು, "ಊಟಕ್ಕೆ ನಿನ್ನ ಪಕ್ಕದಲ್ಲಿ ಯಾರು ಕುಳಿತಿದ್ದರು, ಅವರ ಬುತ್ತಿಯಲ್ಲಿ ಏನಿತ್ತು" ಎಂದು ಕೇಳಲು ಆರಂಭಿಸಿದೆವು. ಉತ್ತರ ಬರತೊಡಗಿತು.

ಮತ್ತೆ ಬರೆಯುತ್ತಿದ್ದೇನೆ: ಚೇರಂಬಾಣೆ ಕಡೆಯ ತಂದೆ, ಸೆಪ್ಟೆಂಬರ್ ಎರಡನೆಯ ವಾರ

ಉತ್ತರ ಬರೆದ ಎಲ್ಲರಿಗೂ ಹೃದಯಪೂರ್ವಕ ಕೃತಜ್ಞತೆಗಳು. ಭಾಗಮಂಡಲದಲ್ಲಿ ಹೊಳೆ ಉಕ್ಕಿ ರಜೆಯ ಮೇಲೆ ರಜೆ ಬಂದದ್ದರಿಂದ ಶಾಲೆಗೆ ಹೋಗುವುದು ತಡವಾಯಿತು. ಆಗಸ್ಟ್ ಮೂರನೆಯ ವಾರ ನಾನು, ನನ್ನ ಹೆಂಡತಿ, ಮಗಳು ಮೂವರೂ ಹೋಗಿ ಟೀಚರನ್ನು ಕಂಡೆವು. ಮುಖ್ಯೋಪಾಧ್ಯಾಯಿನಿಯವರ ಊಹೆ ಅಕ್ಷರಶಃ ನಿಜವಾಗಿತ್ತು. ಟೀಚರ್ ಬಯಲುಸೀಮೆಯ ಕಡೆಯವರು, ಕೊಡಗಿಗೆ ಬಂದು ಇದೇ ಮೊದಲ ವರ್ಷ. "ಇಲ್ಲೆ" ಎಂಬುದರ ಅರ್ಥವನ್ನು ನಾನು ಹೇಳುತ್ತಿದ್ದಂತೆ ಅವರು ಮಾತು ನಿಲ್ಲಿಸಿ ಮಗಳ ಕಡೆಗೆ ತಿರುಗಿದರು. ಬಳಿಕ ಬೆಂಚಿನ ಮುಂದೆ ಮೊಣಕಾಲೂರಿ ಕುಳಿತು, "ನೀನು ನನಗೆ ಸರಿಯಾಗಿಯೇ ಹೇಳಿದ್ದೆ, ನನಗೆ ಗೊತ್ತಾಗಲಿಲ್ಲ ಪುಟ್ಟಾ" ಎಂದರು. ಅವರ ಬಗ್ಗೆ ನನ್ನಲ್ಲಿದ್ದ ಅಸಮಾಧಾನವೆಲ್ಲ ಆ ಒಂದು ಮಾತಿನಿಂದ ಹೋಯಿತು.

ಪೆನ್ಸಿಲ್ ನಿಜವಾಗಿಯೂ ಇರಲಿಲ್ಲ. ದಿನವೂ ಹೊಸದನ್ನು ಕೆತ್ತಿ ಡಬ್ಬಿಗೆ ಹಾಕಿ ಕಳುಹಿಸುತ್ತಿದ್ದುದರಿಂದ ನಮಗೆ ಅದು ಹೊಳೆದೇ ಇರಲಿಲ್ಲ. ಜೀಪಿನ ಚಾಲಕ ಹಿಂದಿನ ಸೀಟನ್ನು ಎತ್ತಿ ನೋಡಿದಾಗ ಅಡಿಯಲ್ಲಿ ಆರು ಪೆನ್ಸಿಲ್‌ಗಳು, ಒಂದು ರಬ್ಬರ್ ಸಿಕ್ಕಿದವು. ಡಬ್ಬಿಯ ಮುಚ್ಚಳ ಸಡಿಲವಾಗಿ, ಚೀಲದ ಹೊಲಿಗೆ ಬಿಟ್ಟ ಮೂಲೆಯಿಂದ, ನಮ್ಮ ರಸ್ತೆಯ ಹೊಂಡಗಳಲ್ಲಿ ಜೀಪು ಎತ್ತಿಹಾಕಿದಾಗಲೆಲ್ಲ ಒಂದೊಂದಾಗಿ ಜಾರಿ ಬಿದ್ದಿದ್ದವು. ಈಗ ಅವಳ ಪೆನ್ಸಿಲನ್ನು ಟೀಚರ್ ತಮ್ಮ ಮೇಜಿನ ಡಬ್ಬಿಯಲ್ಲಿಯೇ ಇಟ್ಟುಕೊಳ್ಳುತ್ತಿದ್ದಾರೆ. ನನ್ನ ಹೆಂಡತಿ ಹದಿನೈದು ಪದಗಳ ಒಂದು ಪಟ್ಟಿಯನ್ನು ಅರೆಭಾಷೆಯಲ್ಲಿಯೂ ಕನ್ನಡದಲ್ಲಿಯೂ ಬರೆದು ಡೈರಿಯ ಮೊದಲ ಪುಟಕ್ಕೆ ಅಂಟಿಸಿಕೊಟ್ಟಳು.

ಪ್ರಾರ್ಥನೆಯ ವಿಷಯವನ್ನು ಸಿಸ್ಟರ್ ಅವರ ಬಳಿಯೂ ಕೇಳಿದೆವು. ಕೈಮುಗಿದು ನಿಂತರೆ ಸಾಕು, ಶಿಲುಬೆಯ ಗುರುತು ಕ್ರೈಸ್ತ ಮಕ್ಕಳಿಗೆ ಮಾತ್ರ, ಉಳಿದ ಮಕ್ಕಳು ನೋಡಿ ಮಾಡುವುದನ್ನು ತಾವು ತಡೆಯುವುದೂ ಇಲ್ಲ, ಹೇಳಿಕೊಡುವುದೂ ಇಲ್ಲ ಎಂದು ಅವರು ತಿಳಿಸಿದರು. ನನ್ನ ತಾಯಿಗೆ ಇನ್ನೂ ಪೂರ್ತಿ ಸಮಾಧಾನವಾಗಿಲ್ಲ. ಮಗು ಮರೆತು ಹಣೆಗೆ ಬೆರಳು ತಂದಾಗ ಅವರ ಮುಖ ಈಗಲೂ ಬಿಗಿಯುತ್ತದೆ. ಆದರೆ ತಟ್ಟೆ ಬಿಟ್ಟು ಏಳುವುದಿಲ್ಲ. ಕಾವೇರಮ್ಮನ ಹೆಸರನ್ನು ಗಟ್ಟಿಯಾಗಿ ಹೇಳಿ ಮೊಮ್ಮಗಳಿಂದ ಹೇಳಿಸುತ್ತಾರೆ. ಎಂಟನೆಯ ತಾರೀಕು ಮೇರಿ ಮಾತೆಯ ಹುಟ್ಟುಹಬ್ಬಕ್ಕೆ ಮಕ್ಕಳು ಹೂ ತರಬೇಕೆಂದು ಹೇಳಿದ್ದರು. ಒಯ್ಯುವುದೋ ಬೇಡವೋ ಎಂದು ನಾವಿಬ್ಬರೂ ಯೋಚಿಸುತ್ತಿದ್ದಾಗ, ಅಂಗಳದ ಡೇರೆ ಹೂಗಳನ್ನು ತಾಯಿಯೇ ಕೊಯ್ದು ಬಾಳೆಯೆಲೆಯಲ್ಲಿ ಕಟ್ಟಿ, ಯಾರಿಗೂ ಏನೂ ಹೇಳದೆ ಮಗಳ ಚೀಲದ ಪಕ್ಕದಲ್ಲಿ ಇಟ್ಟಿದ್ದರು.

ಮಗಳು ತರಗತಿಯಲ್ಲಿ ಇನ್ನೂ ಹೆಚ್ಚು ಮಾತನಾಡುವುದಿಲ್ಲ. ಕಳೆದ ಗುರುವಾರ ಟೀಚರ್ ಹಾಜರಿ ಕರೆದ ಮೇಲೆ ಅವಳ ಕಡೆ ನೋಡಿ, "ಪೆನ್ಸಿಲ್ ಉಟ್ಟಾ?" ಎಂದು ಕೇಳಿದರಂತೆ. ಇವಳು ಎದ್ದು ನಿಂತು "ಉಟ್ಟು ಟೀಚರ್" ಎಂದಳಂತೆ, ಹಿಂದಿನ ಬೆಂಚಿನ ಒಬ್ಬ ಹುಡುಗ ತಾನೂ ಎದ್ದು "ಉಂಡ್" ಎಂದನಂತೆ. ಇದನ್ನು ಅವಳು ಜೀಪಿನಿಂದ ಇಳಿದು ಮನೆ ಮುಟ್ಟುವ ಮೊದಲೇ, ಗೇಟಿನಿಂದಲೇ ಕೂಗಿ ಅಜ್ಜಿಗೆ ಹೇಳಿದಳು. ಅಂದಿನ ಡೈರಿಯಲ್ಲಿ ಟೀಚರ್ ಮೊದಲ ಬಾರಿಗೆ ಕನ್ನಡದಲ್ಲಿ ಬರೆದಿದ್ದರು: "ಇಂದು ಎರಡು ಸಾಲು ಬರೆದಳು. ಮೂರನೆಯದನ್ನು ಬರೆಯುತ್ತಿದ್ದಾಗ ಗಂಟೆ ಹೊಡೆಯಿತು."